ಓಡಿದವರೆಲ್ಲ ತಪ್ಪಿತಸ್ಥರೇ?

"ತಪ್ಪು ಮಾಡಿಲ್ಲ ಅಂದ್ಮೇಲೆ ಓಡಿಹೋಗೋದು ಯಾಕಮ್ಮಾ? ಬಂದು ಕೇಳಿದ್ದಕ್ಕೆ ಉತ್ತರ ಹೇಳಿ ಹೋದ್ರೆ ಆಯ್ತಲ್ಲ!"

ಇದು ಪಕ್ಕದ ಮನೆ ರಾಯರ ಮಾತು. ಕಾಂಪೌಂಡಿನ ಆ ಕಡೆ ಅವರು, ಈ ಕಡೆ ನಾನು. ವಿಚಾರಣೆಗೆ ಕರೆದರೆ ಬಾರದೆ ಯಾರೋ ವಿದೇಶ ಸೇರಿದರು ಎಂಬ ಸುದ್ದಿ ಪೇಪರಿನಲ್ಲಿ ಬಂದ ದಿನವೆಲ್ಲ ನಮ್ಮಿಬ್ಬರ ನಡುವೆ ಈ ವಾದ ತಪ್ಪಿದ್ದಲ್ಲ. ರಾಯರು ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದವರು. ಸಮನ್ಸು, ವಾರಂಟು, ಜಾಮೀನು ಎಂದೇ ಆಯುಷ್ಯ ಕಳೆದವರ ಜೊತೆ ಕಾನೂನಿನ ಮಾತಾಡುವಾಗ ಹುಷಾರಾಗಿರಬೇಕು. ಆದರೆ ಈ ವಾದದಲ್ಲಿ ಅವರು ಕಾನೂನು ತೆಗೆಯುವುದಿಲ್ಲ, ಗಾದೆ ತೆಗೆಯುತ್ತಾರೆ. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ಅಷ್ಟೇ ಕಣಮ್ಮಾ!"

ಗಾದೆ ಚೆನ್ನಾಗಿದೆ. ಬೂದುಗುಂಬಳ ಹೊತ್ತವನ ಹೆಗಲಿಗೆ ಬೂದಿ ಮೆತ್ತಿರುತ್ತದೆ, ಅದಕ್ಕೇ ಕೈ ಅಲ್ಲಿಗೆ ಹೋಯಿತು ಎನ್ನುವುದು ಲೆಕ್ಕಾಚಾರ. ಆದರೆ ಇಡೀ ಬೀದಿಯೇ ತಿರುಗಿ ನನ್ನತ್ತ ನೋಡಿದರೆ, ಏನೂ ಕದಿಯದ ನನ್ನ ಕೈಯೂ ಹೆಗಲಿಗೆ ಹೋದೀತು. ಹಾಗಾಗಿ ಕೈ ಹೆಗಲಿಗೆ ಹೋಯಿತೇ ಎಂದು ಕೇಳಿದರೆ ಸಾಲದು, ಹೆಗಲ ಮೇಲೆ ಬೂದಿ ಇದೆಯೇ ಎಂದು ಹೋಗಿ ನೋಡಬೇಕು. ನಾನು ಹೇಳುವುದು ಇಷ್ಟನ್ನೇ.

ಇದಕ್ಕೆ ನಾನು ರಾಯರ ಮುಂದಿಡುವುದು ಗುಟ್ಟಿನ ಕಡತಗಳನ್ನು ಬಯಲಿಗಿಡುವ ವಿಕಿಲೀಕ್ಸ್ ಸಂಸ್ಥೆ ಕಟ್ಟಿದ ಜೂಲಿಯನ್ ಅಸಾಂಜ್ ಅವರ ಪ್ರಕರಣವನ್ನು. ಅದರಲ್ಲಿ ಓಡಿದವನ ಭಯವೂ ನಿಜ, ದೂರು ಕೊಟ್ಟವರ ಸಂಕಟವೂ ನಿಜ. ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳಲು ಬಾರದೆ ಜಗತ್ತು ಎರಡು ಗುಂಪಾಗಿ ಕಿತ್ತಾಡಿತು.

2010ರ ಆಗಸ್ಟ್‌ನಲ್ಲಿ ಅಸಾಂಜ್ ಸ್ವೀಡನ್ನಿಗೆ ಹೋಗಿದ್ದರು. ಬಾಗ್ದಾದಿನಲ್ಲಿ ಅಮೆರಿಕದ ಹೆಲಿಕಾಪ್ಟರ್ ಜನರ ಮೇಲೆ ಗುಂಡು ಸುರಿಸಿದ ವಿಡಿಯೊವನ್ನು ವಿಕಿಲೀಕ್ಸ್ ಅದೇ ಏಪ್ರಿಲ್‌ನಲ್ಲಿ ಬಯಲಿಗಿಟ್ಟಿತ್ತು, ಜುಲೈನಲ್ಲಿ ಅಫ್ಘಾನಿಸ್ತಾನ ಯುದ್ಧದ ಕಡತಗಳನ್ನು ಹೊರಹಾಕಿತ್ತು. ಅಮೆರಿಕ ಕೆಂಡವಾಗಿದ್ದ ಹೊತ್ತು. ಆಗಲೇ ಸ್ವೀಡನ್ನಿನ ಇಬ್ಬರು ಮಹಿಳೆಯರು ಅವರ ವಿಷಯವಾಗಿ ಪೊಲೀಸರ ಬಳಿ ಹೋದರು. ಲೈಂಗಿಕ ದೌರ್ಜನ್ಯದ ಆರೋಪಗಳು, ಅವುಗಳಲ್ಲೊಂದು ಅತ್ಯಾಚಾರದ್ದು. ಆಗಸ್ಟ್ 20ರಂದು ವಾರಂಟ್ ಹೊರಟಿತು. ಮರುದಿನವೇ ಇನ್ನೊಬ್ಬ ಹಿರಿಯ ಪ್ರಾಸಿಕ್ಯೂಟರ್ ಅದನ್ನು ಹಿಂತೆಗೆದರು. ಸೆಪ್ಟೆಂಬರ್ 1ರಂದು ಮೂರನೆಯವರಾದ ಮರಿಯಾನೆ ನ್ಯೂ ತನಿಖೆಯನ್ನು ಮತ್ತೆ ತೆರೆದರು. ಈ ನಡುವೆ ಆಗಸ್ಟ್ 30ರಂದು ಅಸಾಂಜ್ ತಾವೇ ಪೊಲೀಸರ ಮುಂದೆ ಕುಳಿತು ಒಂದು ದೂರಿನ ಬಗ್ಗೆ ಉತ್ತರ ಹೇಳಿದ್ದರು. ಸೆಪ್ಟೆಂಬರ್ 27ರಂದು ದೇಶ ಬಿಟ್ಟರು. ಬಿಡಬಾರದೆಂಬ ತಡೆಯಾಜ್ಞೆ ಇರಲಿಲ್ಲ.

"ನೋಡಿ, ಮೊದಲು ಹೋಗಿ ಉತ್ತರ ಕೊಟ್ಟಿದ್ದಾರೆ" ಎಂದೆ.

"ಆಮೇಲೆ?" ಎಂದರು ರಾಯರು. ಕೋರ್ಟಿನಲ್ಲಿ ಕೆಲಸ ಮಾಡಿದವರು ಅರ್ಧ ಕಥೆಗೆ ಒಪ್ಪುವವರಲ್ಲ.

ಆಮೇಲಿನದನ್ನು ಮುಚ್ಚಿಟ್ಟು ವಾದ ಗೆಲ್ಲುವ ಆಸೆ ನನಗೂ ಇಲ್ಲ. ಲಂಡನ್ನಿನಲ್ಲಿ ಹಸ್ತಾಂತರದ ವಿಚಾರಣೆ ನಡೆದಾಗ ಅಸಾಂಜ್ ಅವರ ಸ್ವೀಡನ್ ವಕೀಲರು, ತಮ್ಮ ಕಕ್ಷಿದಾರ ದೇಶ ಬಿಡುವವರೆಗೂ ಪ್ರಾಸಿಕ್ಯೂಟರ್ ವಿಚಾರಣೆಗೆ ಕರೆಯಲೇ ಇಲ್ಲ ಎಂದಿದ್ದರು. ಪಾಟೀಸವಾಲಿನಲ್ಲಿ ತಮ್ಮದೇ ಮೊಬೈಲಿನಲ್ಲಿದ್ದ ಸಂದೇಶವನ್ನು ಒಪ್ಪಿಕೊಳ್ಳಬೇಕಾಯಿತು. ಸೆಪ್ಟೆಂಬರ್ 22ರಂದೇ ಪ್ರಾಸಿಕ್ಯೂಟರ್ ಕಚೇರಿಯಿಂದ ಅವರಿಗೆ ಮೆಸೇಜು ಬಂದಿತ್ತು, ಮುಂದಿನ ಮಂಗಳವಾರ ವಿಚಾರಣೆಗೆ ಆದೀತೇ ಎಂದು. ಆ ಮಂಗಳವಾರವೆಂದರೆ 28ನೇ ತಾರೀಖು. ಅಸಾಂಜ್ ಹೊರಟದ್ದು ಅದರ ಹಿಂದಿನ ದಿನ. ಜಿಲ್ಲಾ ನ್ಯಾಯಾಧೀಶ ಹೊವಾರ್ಡ್ ರಿಡಲ್ 2011ರ ಫೆಬ್ರುವರಿ ತೀರ್ಪಿನಲ್ಲಿ ಆ ವಕೀಲರ ಹೇಳಿಕೆಯನ್ನು ಕಟುವಾಗಿಯೇ ಟೀಕಿಸಿದರು.

ರಾಯರ ಮುಖ ಅರಳಿತು. "ಹೇಳ್ಲಿಲ್ವಾ ನಾನು?"

ಸ್ವಲ್ಪ ತಾಳಿ. ಆಮೇಲೆ ಅಸಾಂಜ್ ಭೂಗತರಾಗಲಿಲ್ಲ. ಡಿಸೆಂಬರ್ 7ರಂದು ತಾವೇ ಲಂಡನ್ ಪೊಲೀಸರ ಮುಂದೆ ಹಾಜರಾದರು, ಜಾಮೀನು ಪಡೆದರು, ಕಾಲಿಗೆ ಎಲೆಕ್ಟ್ರಾನಿಕ್ ಪಟ್ಟಿ ಕಟ್ಟಿಸಿಕೊಂಡು ನಾರ್ಫೋಕ್‌ನ ಒಂದು ಹಳ್ಳಿಮನೆಯಲ್ಲಿ ಉಳಿದರು. ಕೆಳಗಿನ ಕೋರ್ಟು, ಹೈಕೋರ್ಟು, ಸುಪ್ರೀಂ ಕೋರ್ಟು ಎಂದು ಹೋರಾಡಿದರು. ಬಲವಾದ ವಾದವೊಂದಿತ್ತು: ಸ್ವೀಡನ್ ಕರೆಯುತ್ತಿರುವುದು ಬರೀ ವಿಚಾರಣೆಗೆ, ಆರೋಪಪಟ್ಟಿಯೇ ಹಾಕಿಲ್ಲದವನನ್ನು ಹಸ್ತಾಂತರಿಸುವುದು ಹೇಗೆ? ಸ್ವೀಡನ್ನಿನ ಪದ್ಧತಿಯಲ್ಲಿ ಆರೋಪಪಟ್ಟಿ ಬರುವುದು ತನಿಖೆಯ ಕಟ್ಟಕಡೆಗೆ, ಆರೋಪಿಯನ್ನು ಕೊನೆಯ ಸಲ ಪ್ರಶ್ನಿಸಿದ ಮೇಲೆ. ಇಂಗ್ಲೆಂಡಿನಲ್ಲಾಗಿದ್ದರೆ ಈ ಹೊತ್ತಿಗೆ ಆರೋಪ ದಾಖಲಾಗಿರುತ್ತಿತ್ತು, ಆದ್ದರಿಂದ ಇವರನ್ನು ಆರೋಪಿ ಎಂದೇ ತಿಳಿಯಬೇಕು ಎಂದಿತು ಹೈಕೋರ್ಟು. 2012ರ ಮೇ 30ರಂದು ಸುಪ್ರೀಂ ಕೋರ್ಟು 5–2ರ ಬಹುಮತದಲ್ಲಿ ಅವರ ಮೇಲ್ಮನವಿ ತಳ್ಳಿಹಾಕಿತು. ಅಲ್ಲಿಯವರೆಗೆ ಅವರು ಮಾಡಿದ್ದು ಕೋರ್ಟಿನೊಳಗಿನ ಹೋರಾಟ, ಯಾರೂ ಬೆರಳು ತೋರುವಂಥದ್ದಲ್ಲ.

ಜೂನ್ 19ರಂದು ಜಾಮೀನಿನ ಷರತ್ತು ಮುರಿದು ಈಕ್ವೆಡಾರ್ ರಾಯಭಾರ ಕಚೇರಿಯ ಬಾಗಿಲು ತಟ್ಟಿದರು. ಹ್ಯಾರಡ್ಸ್ ಅಂಗಡಿಯ ಹಿಂಬದಿಯ ಬೀದಿಯಲ್ಲಿರುವ ಒಂದು ಫ್ಲ್ಯಾಟು ಅದು. ಅಂಗಳವಿಲ್ಲ, ವ್ಯಾಯಾಮಕ್ಕೆ ಕೋಣೆಯೊಳಗೊಂದು ಟ್ರೆಡ್‌ಮಿಲ್, ಬಿಸಿಲು ಬೇಕೆಂದರೆ ಬಾಲ್ಕನಿ. ಅಲ್ಲಿ ಸುಮಾರು 7 ವರ್ಷ ಕಳೆದರು. ಹೊರಗೆ ಹಗಲೂ ರಾತ್ರಿ ಪೊಲೀಸರು. 2015ರ ಅಕ್ಟೋಬರಿನಲ್ಲಿ ಆ ಕಾವಲು ತೆಗೆಯುವ ಹೊತ್ತಿಗೆ ಬ್ರಿಟನ್ನಿಗೆ ಒಂದು ಕೋಟಿ ಪೌಂಡ್‌ಗೂ ಹೆಚ್ಚು ಖರ್ಚು ಬಿದ್ದಿತ್ತು.

"ಸ್ವೀಡನ್ನಿಗೆ ಹೋಗಿ ಉತ್ತರ ಹೇಳೋದಕ್ಕಿಂತ ಆ ಕೋಣೆ ವಾಸಿನಾ?" ಎಂದರು ರಾಯರು.

ಅಸಾಂಜ್ ಅವರ ಉತ್ತರ ಒಂದೇ ಆಗಿತ್ತು: ಸ್ವೀಡನ್ನಿಗೆ ಹೋದರೆ ಅಲ್ಲಿಂದ ಅಮೆರಿಕಕ್ಕೆ ಸಾಗಿಸುತ್ತಾರೆ. ಇದು ನೆಪ ಎಂದು ನಕ್ಕವರು ಬಹಳ. ಅವರ ಪ್ರಶ್ನೆಯಲ್ಲಿ ತೂಕವೂ ಇತ್ತು. ಬ್ರಿಟನ್ ಸ್ವೀಡನ್ನಿಗೆ ಒಪ್ಪಿಸಿದ ವ್ಯಕ್ತಿಯನ್ನು ಸ್ವೀಡನ್ ಮೂರನೇ ದೇಶಕ್ಕೆ ಕಳಿಸಬೇಕಾದರೆ ಬ್ರಿಟನ್ನಿನ ಒಪ್ಪಿಗೆಯೂ ಬೇಕು. ಅಮೆರಿಕದ ಜೊತೆ ಬ್ರಿಟನ್ನಿಗೇ ಹಸ್ತಾಂತರ ಒಪ್ಪಂದ ಇರುವಾಗ ಸ್ವೀಡನ್ನೇ ಹೆಚ್ಚು ಅಪಾಯವೆನ್ನಲು ಏನು ಕಾರಣ?

ಆದರೆ ದಾರಿ ಯಾವುದೆಂದು ಊಹಿಸುವುದರಲ್ಲಿ ಅಸಾಂಜ್ ಎಡವಿದ್ದರೂ ಭಯ ಮಾತ್ರ ಸುಳ್ಳಾಗಿರಲಿಲ್ಲ. 2018ರ ಮಾರ್ಚ್‌ನಲ್ಲಿ ಅಮೆರಿಕ ಗುಟ್ಟಾಗಿ ಅವರ ಮೇಲೆ ದೋಷಾರೋಪ ಸಲ್ಲಿಸಿ ಮುಚ್ಚಿಟ್ಟಿತ್ತು. ಅದೇ ನವೆಂಬರಿನಲ್ಲಿ ಬೇರೆ ಯಾರದೋ ಪ್ರಕರಣದ ಕೋರ್ಟು ಕಾಗದದಲ್ಲಿ ಕೈತಪ್ಪಿ ಅಸಾಂಜ್ ಹೆಸರು ಸೇರಿಕೊಂಡು ಗುಟ್ಟು ರಟ್ಟಾಯಿತು. 2019ರ ಏಪ್ರಿಲ್ 11ರಂದು ಈಕ್ವೆಡಾರ್ ಆಶ್ರಯ ಹಿಂತೆಗೆದು ಪೊಲೀಸರನ್ನು ಒಳಕ್ಕೆ ಬಿಟ್ಟಿತು. ಅದೇ ದಿನ ಅಮೆರಿಕ ತನ್ನ ಆರೋಪವನ್ನು ಬಹಿರಂಗ ಮಾಡಿತು. ಮೇ ತಿಂಗಳಲ್ಲಿ ಬೇಹುಗಾರಿಕೆ ಕಾಯ್ದೆಯಡಿ ಇನ್ನೂ 17 ಆರೋಪ ಸೇರಿಸಿತು. ಬೆಲ್‌ಮಾರ್ಶ್ ಜೈಲಿನಲ್ಲಿ 5 ವರ್ಷ ಕಳೆದ ಮೇಲೆ, 2024ರ ಜೂನ್‌ನಲ್ಲಿ ಪೆಸಿಫಿಕ್ ಸಾಗರದ ಸೈಪಾನ್ ದ್ವೀಪದ ಅಮೆರಿಕನ್ ಕೋರ್ಟಿನಲ್ಲಿ ಒಂದು ಆರೋಪ ಒಪ್ಪಿಕೊಂಡು, ಕಳೆದ ಸೆರೆವಾಸವನ್ನೇ ಶಿಕ್ಷೆಯೆಂದು ಎಣಿಸಿಕೊಂಡು, ಅವರು ಆಸ್ಟ್ರೇಲಿಯಕ್ಕೆ ಮರಳಿದರು. ಹಾಗಿದ್ದ ಮೇಲೆ ಭಯಪಟ್ಟವನನ್ನು ನೋಡಿ "ಇವನು ಭಯಪಟ್ಟಿದ್ದೇ ತಪ್ಪಿಗೆ ಸಾಕ್ಷಿ" ಎಂದವರ ತೀರ್ಮಾನ ಏನಾಯಿತು? ಒಬ್ಬ ಮನುಷ್ಯ ಯಾವುದಕ್ಕೆ ಹೆದರಿ ಓಡುತ್ತಿದ್ದಾನೆ ಎಂದು ಗೊತ್ತಾಗದೆ ಆ ಓಟಕ್ಕೆ ಅರ್ಥ ಹಚ್ಚಬಾರದು ಎಂದು ನಾನು ಹೇಳುವುದು ಇದಕ್ಕೇ.

ರಾಯರು ಏನೋ ಹೇಳಹೊರಟಿದ್ದರು. ಅಷ್ಟರಲ್ಲಿ ಒಣಗಿದ ಬಟ್ಟೆ ತೆಗೆಯಲು ಬಂದಿದ್ದ ಅವರ ಮನೆಯವರು, ನಾನು ಅಕ್ಕ ಎಂದು ಕರೆಯುವವರು, ನಡುವೆ ಬಾಯಿ ಹಾಕಿದರು. "ಅದೆಲ್ಲ ಸರಿ ಕಣೇ. ಆ ಹೆಣ್ಣುಮಕ್ಕಳು ದೂರು ಕೊಟ್ಟಿದ್ರಲ್ಲ, ಅವರಿಗೇನಾಯ್ತು?"

ಕೇಳಬೇಕಾದ ಪ್ರಶ್ನೆಯನ್ನು ಕೇಳಿದವರು ಅಕ್ಕ. ಈ ಗಲಾಟೆಯಲ್ಲಿ ಎಲ್ಲರೂ ಅಸಾಂಜ್ ಕುರಿತು ಮಾತಾಡಿದರೇ ಹೊರತು ಆ ಇಬ್ಬರ ಕುರಿತು ಮಾತಾಡಿದವರು ಕಡಿಮೆ. ಅಮೆರಿಕದ ಭಯ ನಿಜವಾದ್ದರಿಂದ ಅವರ ದೂರು ಸುಳ್ಳಾಗುವುದಿಲ್ಲ. ಅದು ಬೇರೆ, ಇದು ಬೇರೆ. ಅವರಿಗೆ ಬೇಕಿದ್ದದ್ದು ಒಂದು ವಿಚಾರಣೆ, ಒಂದು ತೀರ್ಪು. ಅವರಿಗೆ ಸಿಕ್ಕಿದ್ದು ಕಾಯುವುದು ಮಾತ್ರ.

ಈ ಕಾಯಿಸಿದ ತಪ್ಪನ್ನು ಅಸಾಂಜ್ ಒಬ್ಬರ ತಲೆಗೆ ಕಟ್ಟಲು ನಾನು ತಯಾರಿಲ್ಲ. ಲಂಡನ್ನಿಗೆ ಬಂದು ಪ್ರಶ್ನಿಸಿ, ಇಲ್ಲವೇ ವಿಡಿಯೊ ಮೂಲಕ ಕೇಳಿ ಎಂದು ಅವರ ಕಡೆಯವರು ಮೊದಲಿನಿಂದ ಹೇಳುತ್ತಲೇ ಇದ್ದರು. ಸ್ವೀಡನ್ ಒಲ್ಲೆ ಎಂದಿತು. ಬ್ರಿಟನ್ನಿನ ಪ್ರಾಸಿಕ್ಯೂಷನ್ ಸೇವೆಯ ವಕೀಲರೇ 2011ರಲ್ಲಿ, ಲಂಡನ್ನಿಗೆ ಬಂದು ಪ್ರಶ್ನಿಸುವುದು ಜಾಣತನವಲ್ಲವೆಂದು ಸಲಹೆ ಕೊಟ್ಟಿದ್ದರು ಎಂಬುದು ಮಾಹಿತಿ ಹಕ್ಕಿನ ಅರ್ಜಿಯಿಂದ ಆಮೇಲೆ ಹೊರಬಂತು. 2014ರ ನವೆಂಬರಿನಲ್ಲಿ ಸ್ವೀಡನ್ನಿನದೇ ಮೇಲ್ಮನವಿ ನ್ಯಾಯಾಲಯ ವಾರಂಟನ್ನು ಉಳಿಸಿಕೊಂಡರೂ, ಬೇರೆ ದಾರಿ ಹುಡುಕದ ಪ್ರಾಸಿಕ್ಯೂಟರ್‌ಗಳನ್ನು ತರಾಟೆಗೆ ತೆಗೆದುಕೊಂಡಿತು. ಕೊನೆಗೆ ರಾಯಭಾರ ಕಚೇರಿಯೊಳಗೇ ಪ್ರಶ್ನೋತ್ತರ ನಡೆದದ್ದು 2016ರ ನವೆಂಬರಿನಲ್ಲಿ. ಅಷ್ಟು ಹೊತ್ತಿಗೆ, 2015ರ ಆಗಸ್ಟ್‌ನಲ್ಲೇ, ಸಣ್ಣ ಆರೋಪಗಳು ಕಾಲಮಿತಿ ಮುಗಿದು ಬಿದ್ದುಹೋಗಿದ್ದವು. ಉಳಿದ ಅತ್ಯಾಚಾರದ ತನಿಖೆಯನ್ನು 2019ರ ನವೆಂಬರಿನಲ್ಲಿ ಕೈಬಿಡುವಾಗ ಪ್ರಾಸಿಕ್ಯೂಟರ್ ಎವಾ-ಮರಿ ಪೆರ್ಶನ್, ದೂರುದಾರಳ ಹೇಳಿಕೆ ನಂಬುವಂಥದ್ದೇ, ಆದರೆ ಇಷ್ಟು ವರ್ಷ ಕಳೆದ ಮೇಲೆ ಸಾಕ್ಷ್ಯ ದುರ್ಬಲವಾಗಿದೆ ಎಂದರು. ಸಾಕ್ಷಿಗಳ ನೆನಪು ಮಾಸುತ್ತದಲ್ಲ.

ಇದರಿಂದ ಗೆದ್ದವರು ಯಾರು? ಆಕೆಗೆ ನ್ಯಾಯ ಸಿಗಲಿಲ್ಲ. ಅಸಾಂಜ್ ಹೆಸರು ಕೋರ್ಟಿನಲ್ಲಿ ಶುದ್ಧವಾಗಲಿಲ್ಲ. ಅವರು ಮುಗ್ಧರೇ ಆಗಿದ್ದರೆ ಅದನ್ನು ತೋರಿಸಿಕೊಡುವ ಅವಕಾಶವೂ ಆ ಕೋಣೆಯಲ್ಲೇ ಸವೆದುಹೋಯಿತು. ತಪ್ಪಿಸಿಕೊಳ್ಳುವುದರಿಂದ ತಪ್ಪು ಸಾಬೀತಾಗುವುದಿಲ್ಲ, ಆದರೆ ಸತ್ಯ ತಿಳಿಯುವ ದಾರಿ ಮುಚ್ಚಿಹೋಗುತ್ತದೆ. ಓಡುವವರ ಮೇಲೆ ನನಗಿರುವ ಸಿಟ್ಟು ಆ ಕಾರಣಕ್ಕೆ.

"ಜಾಮೀನು ನಿಂತೋರ ಗತಿ?" ಎಂದರು ರಾಯರು. ಇದು ಅವರ ಕರುಳಿನ ಮಾತು. ಪಹಣಿ ಕೈಯಲ್ಲಿ ಹಿಡಿದು, ಬಂಧುವೋ ಊರವನೋ ಎಂಬ ದಾಕ್ಷಿಣ್ಯಕ್ಕೆ ಜಾಮೀನು ನಿಂತು, ಆ ಪುಣ್ಯಾತ್ಮ ಮುಂದಿನ ವಾಯಿದೆಗೆ ಬಾರದೇ ಹೋದಾಗ ಕೋರ್ಟಿನ ವರಾಂಡದಲ್ಲಿ ಕೈ ಹಿಸುಕಿಕೊಂಡು ನಿಂತವರನ್ನು ಅವರು ನೌಕರಿಯುದ್ದಕ್ಕೂ ಕಂಡವರು. ಅಸಾಂಜ್ ಪ್ರಕರಣದಲ್ಲೂ ಹಾಗೇ ಆಯಿತು. ಅವರನ್ನು ನಂಬಿ ಜಾಮೀನು ನಿಂತ 9 ಮಂದಿ ಒಟ್ಟು 93,500 ಪೌಂಡ್ ಕಟ್ಟಬೇಕೆಂದು 2012ರ ಅಕ್ಟೋಬರಿನಲ್ಲಿ ಕೋರ್ಟು ಆದೇಶಿಸಿತು. ಜಾಮೀನು ಮುರಿದದ್ದಕ್ಕೆ ಅಸಾಂಜ್ ಅವರಿಗೂ 2019ರ ಮೇ ತಿಂಗಳಲ್ಲಿ 50 ವಾರಗಳ ಜೈಲಾಯಿತು.

"ನೋಡಿ ರಾಯರೇ, ತಪ್ಪಿಸಿಕೊಂಡದ್ದಕ್ಕೆ ಅದರದ್ದೇ ಶಿಕ್ಷೆ ಇದೆ. ಆ ಲೆಕ್ಕವನ್ನು ಅಲ್ಲೇ ಚುಕ್ತಾ ಮಾಡಬೇಕು. ಮೂಲ ಆರೋಪದ ಖಾತೆಗೆ ಅದನ್ನು ಬರೆಯಬಾರದು" ಎಂದೆ. ರಾಯರು ತಲೆಯಾಡಿಸಿದರು. ಇಷ್ಟಕ್ಕೆ ಅವರ ಒಪ್ಪಿಗೆ ಇದೆ, ಏಕೆಂದರೆ ನಮ್ಮ ಕಾನೂನೂ ಹೇಳುವುದು ಇದನ್ನೇ.

ಆರೋಪಿಯ ನಡವಳಿಕೆಯನ್ನು ಗಮನಿಸಬಹುದು ಎಂದು ನಮ್ಮ ಹಳೆಯ ಸಾಕ್ಷ್ಯ ಕಾಯ್ದೆಯ 8ನೇ ಕಲಂ ಹೇಳುತ್ತಿತ್ತು, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಅದು ಇದೆ. ತಲೆಮರೆಸಿಕೊಂಡದ್ದನ್ನು ಕೋರ್ಟು ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಆದರೆ 1971ರಲ್ಲೇ ಉತ್ತರ ಪ್ರದೇಶದ ಮಾತ್ರು ಎಂಬಾತನ ಕೊಲೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿತು: ಬರೀ ತಲೆಮರೆಸಿಕೊಂಡದ್ದರಿಂದ ಅಪರಾಧ ಸಾಬೀತಾಗದು, ಘೋರ ಅಪರಾಧದ ಅನುಮಾನ ಸುಮ್ಮನೆ ತನ್ನ ಮೇಲೆ ಬಿದ್ದಾಗ ನಿರಪರಾಧಿಯೂ ಗಾಬರಿಗೊಂಡು ಓಡಬಹುದು, ಜೀವ ಉಳಿಸಿಕೊಳ್ಳುವ ಸ್ವಭಾವ ಮನುಷ್ಯನಿಗೆ ಸಹಜ. ನಮ್ಮ ಊರುಗಳಲ್ಲಿ ಠಾಣೆಯ ಮೆಟ್ಟಿಲು ಹತ್ತಬೇಕೆಂದರೆ ಏನೂ ಮಾಡದವರ ಎದೆಯೂ ಡವಗುಟ್ಟುತ್ತದೆ. ಆ ಭಯಕ್ಕೆ ಆಧಾರವಿಲ್ಲದೆ ಇಲ್ಲ. ಪೊಲೀಸ್ ವಶದಲ್ಲಿ ಹಿಂಸೆ, ಸಾವು ಆಗುತ್ತವೆಂದೇ ಸುಪ್ರೀಂ ಕೋರ್ಟು 1996ರ ಡಿ.ಕೆ. ಬಸು ತೀರ್ಪಿನಲ್ಲಿ ಬಂಧನದ ನಿಯಮಗಳನ್ನು ಬರೆದುಕೊಡಬೇಕಾಯಿತು.

ಬಂದು ಕುಳಿತವನೂ ಬಾಯಿ ಬಿಡಲೇಬೇಕೆಂದಿಲ್ಲ. ಆರೋಪಿಯನ್ನು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಬಲವಂತ ಮಾಡಬಾರದು ಎನ್ನುತ್ತದೆ ಸಂವಿಧಾನದ 20(3)ನೇ ವಿಧಿ. ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯದ ಮಂಪರು ಪರೀಕ್ಷೆಗಳು ಒಂದು ಕಾಲಕ್ಕೆ ದೇಶಕ್ಕೆಲ್ಲ ಸುದ್ದಿಯಾಗಿದ್ದವಲ್ಲ, ಸೂಜಿ ಚುಚ್ಚಿ ಬಾಯಿ ಬಿಡಿಸುವುದು? ಅದನ್ನು ವ್ಯಕ್ತಿಯ ಒಪ್ಪಿಗೆಯಿಲ್ಲದೆ ಮಾಡುವಂತಿಲ್ಲವೆಂದು ಸುಪ್ರೀಂ ಕೋರ್ಟು ಹೇಳಿದ್ದು 2010ರಲ್ಲಿ, ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ. ಮೌನವನ್ನೇ ಅಪರಾಧವೆಂದು ಓದುವುದಾದರೆ ಈ ಹಕ್ಕಿಗೆ ಬೆಲೆಯೇ ಉಳಿಯುವುದಿಲ್ಲ.

"ಹಾಗಾದ್ರೆ ಹಾಸನದ ಕೇಸು?" ಎಂದರು ಅಕ್ಕ. 2024ರ ಏಪ್ರಿಲ್‌ನಲ್ಲಿ ಮತದಾನ ಮುಗಿಯುತ್ತಲೇ ಅಲ್ಲಿನ ಆಗಿನ ಸಂಸದ ಪ್ರಜ್ವಲ್ ರೇವಣ್ಣ ಜರ್ಮನಿಗೆ ಹೋದರು, ಮೇ 31ರಂದು ಮರಳಿದಾಗ ಬೆಂಗಳೂರು ವಿಮಾನ ನಿಲ್ದಾಣದಲ್ಲೇ ಬಂಧನವಾಯಿತು, 2025ರ ಆಗಸ್ಟ್‌ನಲ್ಲಿ ಅತ್ಯಾಚಾರ ಪ್ರಕರಣವೊಂದರಲ್ಲಿ ವಿಚಾರಣಾ ನ್ಯಾಯಾಲಯ ಜೀವಾವಧಿ ಶಿಕ್ಷೆ ಕೊಟ್ಟಿತು. ಆ ಪ್ರಕರಣ ನಿಂತದ್ದು ಜರ್ಮನಿಯ ಟಿಕೆಟ್ಟಿನ ಮೇಲಲ್ಲ. ನಿಂತದ್ದು ದೂರು ಕೊಟ್ಟ ಮನೆಗೆಲಸದ ಹೆಣ್ಣುಮಗಳು ನ್ಯಾಯಾಲಯದಲ್ಲಿ ನುಡಿದ ಸಾಕ್ಷ್ಯದ ಮೇಲೆ, ಒಂದು ಸೀರೆಯ ಡಿಎನ್ಎ ಪರೀಕ್ಷೆಯ ಮೇಲೆ. ಹೆಗಲ ಮೇಲಿನ ಬೂದಿಯನ್ನು ಹೋಗಿ ನೋಡುವುದೆಂದರೆ ಇದು. ಆರೋಪಿ ಕೈಗೆ ಸಿಕ್ಕ, ಸಾಕ್ಷ್ಯ ಹಸಿಯಾಗಿಯೇ ಇತ್ತು, ಸ್ವೀಡನ್ನಿನಲ್ಲಿ ಆಗದ ಕೆಲಸ ಇಲ್ಲಿ ಸುಮಾರು ಒಂದೂಕಾಲು ವರ್ಷದಲ್ಲಿ ಆಯಿತು.

ಇನ್ನು ವಿಜಯ್ ಮಲ್ಯರ ಮಾತು ಬಾರದೆ ನಮ್ಮ ಹರಟೆ ಮುಗಿಯುವಂತಿಲ್ಲ. ಕಿಂಗ್‌ಫಿಷರ್ ವಿಮಾನ ಕಂಪನಿಯ ಒಡೆಯರಾಗಿದ್ದವರು, ಕರ್ನಾಟಕದಿಂದ ರಾಜ್ಯಸಭೆಗೆ ಹೋಗಿದ್ದವರು. ಬ್ಯಾಂಕುಗಳು 9,000 ಕೋಟಿ ರೂಪಾಯಿಗೂ ಹೆಚ್ಚು ಬಾಕಿ ಕೇಳುತ್ತಿದ್ದಾಗ, 2016ರ ಮಾರ್ಚ್ 2ರಂದು ದೇಶ ಬಿಟ್ಟರು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಕೋರ್ಟಿನಲ್ಲಿ ಅವರ ಪ್ರಕರಣ ಕೇಳಿದ ನ್ಯಾಯಾಧೀಶೆ ಎಮ್ಮಾ ಅರ್ಬತ್‌ನಾಟ್. 2018ರ ಫೆಬ್ರುವರಿಯಲ್ಲಿ ಅಸಾಂಜ್ ವಾರಂಟ್ ರದ್ದು ಮಾಡಲು ಒಪ್ಪದವರೂ ಇವರೇ. ಮುಂಬೈಯ ಆರ್ಥರ್ ರೋಡ್ ಜೈಲಿನ 12ನೇ ಬ್ಯಾರಕ್ಕಿನಲ್ಲಿ ಗಾಳಿ ಬೆಳಕು ಹೇಗಿದೆ ಎಂದು ವಿಡಿಯೊ ತರಿಸಿ ನೋಡಿದರು. ಮೇಲ್ನೋಟಕ್ಕೆ ಪ್ರಕರಣ ಇದೆಯೆಂದು ಕಂಡು ಅದೇ ಡಿಸೆಂಬರಿನಲ್ಲಿ ಹಸ್ತಾಂತರಕ್ಕೆ ಹಾದಿ ಮಾಡಿಕೊಟ್ಟರು. 2020ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು.

ವಿದೇಶದ ನ್ಯಾಯಾಧೀಶರು ನಮ್ಮ ಜೈಲಿನ ಕಿಟಕಿ ನೋಡಬೇಕೇ ಎಂದು ರಾಯರಿಗೆ ಬೇಸರ. ನೋಡಲಿ ಬಿಡಿ ಎನ್ನುವವಳು ನಾನು. ಓಡುವವನ ಕೈಯಲ್ಲಿರುವ ಸಕಾರಣಗಳನ್ನು ಒಂದೊಂದಾಗಿ ಕಿತ್ತುಕೊಳ್ಳುವ ದಾರಿ ಅದೊಂದೇ. ಜೈಲು ಮನುಷ್ಯರಿರುವಂತೆ ಇರಲಿ, ವಿಚಾರಣೆ ನ್ಯಾಯವಾಗಿರಲಿ, ಮೂರನೇ ದೇಶಕ್ಕೆ ಸಾಗಿಸುವುದಿಲ್ಲವೆಂಬ ಮಾತು ಕಾಗದದ ಮೇಲೆ ಇರಲಿ. ಅಷ್ಟಾದ ಮೇಲೂ ಬಾರದವನ ನೆಪವನ್ನು ಯಾರೂ ಕೇಳಬೇಕಿಲ್ಲ.

ಮಲ್ಯರ ವಿಷಯದಲ್ಲೂ ನಾನು ಎರಡು ಖಾತೆಗಳನ್ನು ಬೆರೆಸುವುದಿಲ್ಲ. ಕರ್ನಾಟಕ ಹೈಕೋರ್ಟಿನ ಆದೇಶ ಮೀರಿ 4 ಕೋಟಿ ಡಾಲರ್ ಹಣವನ್ನು ಮಕ್ಕಳ ಹೆಸರಿಗೆ ವರ್ಗಾಯಿಸಿದ್ದಕ್ಕೆ ನ್ಯಾಯಾಂಗ ನಿಂದನೆಯೆಂದು ಸುಪ್ರೀಂ ಕೋರ್ಟು 2022ರ ಜುಲೈನಲ್ಲಿ 4 ತಿಂಗಳ ಸಜೆ ವಿಧಿಸಿದೆ. ಅದು ತೀರ್ಮಾನವಾದ ತಪ್ಪು. ದೇಶಭ್ರಷ್ಟ ಆರ್ಥಿಕ ಅಪರಾಧಿಗಳ ಕಾಯ್ದೆಯಡಿ 2019ರ ಜನವರಿಯಲ್ಲಿ ಮೊದಲು ಘೋಷಿತರಾದವರೂ ಅವರೇ. ಸಾಲದ ವಂಚನೆಯ ಆರೋಪ ಮಾತ್ರ ಇನ್ನೂ ಆರೋಪವೇ, ಅದು ನಮ್ಮ ಕೋರ್ಟಿನಲ್ಲಿ ತೀರ್ಮಾನವಾಗಬೇಕು. ಆದರೆ ಕಿಂಗ್‌ಫಿಷರ್ ವಿಮಾನಗಳು 2012ರ ಅಕ್ಟೋಬರಿನಲ್ಲಿ ನೆಲ ಹಿಡಿದ ಮೇಲೆ ತಿಂಗಳುಗಟ್ಟಲೆ ಸಂಬಳ ಸಿಗದೆ ಕುಳಿತ ನೌಕರರು ಏನು ತಪ್ಪು ಮಾಡಿದ್ದರು? ಅವರೂ ಸ್ವೀಡನ್ನಿನ ಆ ಹೆಣ್ಣುಮಕ್ಕಳಂತೆಯೇ ಕಾದವರು.

ರಾಯರು ಗಾದೆ ಬಿಟ್ಟುಕೊಡಲಿಲ್ಲ. "ನಿನ್ನ ಮಾತು ಕೋರ್ಟಿಗೆ ಸರಿಯಮ್ಮಾ, ಬೀದಿಯಲ್ಲಿ ಜನ ಅಂದ್ಕೊಳ್ಳೋದನ್ನ ತಡೆಯೋಕಾಗುತ್ತಾ?" ಎಂದರು. ಬೀದಿಯಲ್ಲೇ ಇದನ್ನು ಹೇಳಬೇಕು ಎನ್ನುವುದು ನನ್ನ ಹಟ. ನಾಳೆ ನಮ್ಮ ಬೀದಿಯ ಹುಡುಗನೊಬ್ಬನ ಹೆಸರು ಎಫ್‌ಐಆರ್‌ನಲ್ಲಿ ಬಂದು, ಅವನು ಹೆದರಿ ನೆಂಟರ ಊರು ಸೇರಿಕೊಂಡರೆ, ಅವನ ತಾಯಿಯ ಮುಖ ನೋಡಿ ನಾವು ಏನು ಹೇಳುತ್ತೇವೆ? "ಓಡಿಹೋದ, ಅಂದ್ಮೇಲೆ ಮಾಡಿರಬೇಕು" ಎಂದು ನಾವೇ ತೀರ್ಪು ಕೊಡಬಾರದು. "ಒಳ್ಳೇ ವಕೀಲರನ್ನ ಹಿಡಿದು ಹಾಜರಾಗಕ್ಕೆ ಹೇಳಿ, ತಡ ಮಾಡಬೇಡಿ" ಎನ್ನಬೇಕು. ದೂರು ಕೊಟ್ಟವಳ ಮನೆಗೂ ಹೋಗಿ "ನಿನ್ನ ಮಾತು ಕೇಳೋವರೆಗೂ ನಾವು ಬಿಡಲ್ಲ" ಎನ್ನಬೇಕು. ಕರೆದವರು ಬೇಗ ಕೇಳಿ ಮುಗಿಸಲಿ, ಕರೆಸಿಕೊಂಡವನು ಬಂದು ನಿಲ್ಲಲಿ. ಬಾರದಿದ್ದರೆ ಬಾರದ್ದಕ್ಕೆ ಶಿಕ್ಷೆಯಾಗಲಿ. ಮೂಲ ಆರೋಪ ಮಾತ್ರ ಸಾಕ್ಷ್ಯದ ಮೇಲೆಯೇ ನಿಲ್ಲಲಿ, ಇಲ್ಲವೇ ಸಾಕ್ಷ್ಯವಿಲ್ಲದೆ ಬೀಳಲಿ.